ಚಡವು ಹತ್ತಲು ಎಂಜಿನ್ನಿಗೆ ಎಷ್ಟು ಗಾಳಿ ಬೇಕು?

ತೋಟದ ಮನೆಯ ಪಿಕಪ್‌ಗೆ ಅಗ್ಗದ ಸೂಪರ್‌ಚಾರ್ಜರ್ ಹಾಕಿಸೋಣ ಎನ್ನುತ್ತಾನೆ ಮಗ. ಸುಮ್ಮನೆ ದುಡ್ಡು ದಂಡ ಎನ್ನುತ್ತಾರೆ ಅಪ್ಪ. ಇಬ್ಬರೂ ಒಂದು ಸಂಜೆ ಕಾಗದ, ಪೆನ್ನು ಹಿಡಿದು ಕೂತರೆ ಉತ್ತರ ತಾನಾಗಿ ಸಿಗುತ್ತದೆ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ನಾಲ್ಕು ಫರ್ಲಾಂಗು ಸಮತಟ್ಟಾದ ಮಾರ್ಗ ಹುಡುಕುವುದು ಕಷ್ಟ. ಗುಡ್ಡ ಇಳಿದರೆ ತೋಟ, ತೋಟ ದಾಟಿದರೆ ತೋಡು, ತೋಡು ದಾಟಿದರೆ ಮತ್ತೆ ಗುಡ್ಡ. ಮನೆ ಕೆಳಗೆ, ಡಾಮರು ರಸ್ತೆ ಮೇಲೆ. ಅಡಿಕೆ ಮೂಟೆ, ಕೋಕೊ, ರಬ್ಬರ್ ಶೀಟು, ಗೊಬ್ಬರದ ಚೀಲ, ಮನೆ ಕಟ್ಟುವ ಮುರಕಲ್ಲು ಎಲ್ಲವೂ ಚಡವು ಹತ್ತಿಯೇ ಹೋಗಬೇಕು, ಇಳಿದೇ ಬರಬೇಕು. ಒಂದು ಕಾಲದಲ್ಲಿ ಈ ಕೆಲಸಕ್ಕೆ ಜೀಪುಗಳೇ ಗತಿಯಾಗಿದ್ದವು. ಈಗ ಅದರ ಹೆಚ್ಚಿನ ಪಾಲನ್ನು ಪಿಕಪ್‌ಗಳು ವಹಿಸಿಕೊಂಡಿವೆ. ಅನೇಕ ಮನೆಗಳಲ್ಲಿ ಪಿಕಪ್ ಎಂದರೆ ಬರೀ ವಾಹನವಲ್ಲ. ಬ್ಯಾಂಕಿನ ಸಾಲ, ಮಕ್ಕಳ ಫೀಸು, ತೋಟದ ಖರ್ಚು ಎಲ್ಲವೂ ಅದರ ಚಕ್ರದ ಮೇಲೆಯೇ ಉರುಳುತ್ತಿರುತ್ತವೆ.

ಇಂಥ ಮನೆಯಲ್ಲಿ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಓದುವ ಮಗನೋ ಮಗಳೋ ಇದ್ದರೆ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ. 'ವಿದೇಶದಲ್ಲಿ ಪಿಕಪ್‌ಗಳಿಗೆ ಸೂಪರ್‌ಚಾರ್ಜರ್ ಹಾಕುತ್ತಾರಂತೆ, ಬಲ ಹೆಚ್ಚುತ್ತದಂತೆ. ನಮ್ಮ ಗಾಡಿಗೆ ಕಡಿಮೆ ಖರ್ಚಿನಲ್ಲಿ ಸಿಗುವಂಥದ್ದು ಯಾವುದು?' ಪ್ರಶ್ನೆ ಒಳ್ಳೆಯದೇ. 'ಸುಮ್ಮನಿರು' ಎಂದು ಅದರ ಬಾಯಿ ಮುಚ್ಚಿಸಿದರೆ ಹುಡುಗರ ಕುತೂಹಲಕ್ಕೆ ಮಣ್ಣೆರಚಿದಂತೆ. 'ಆಗಲಿ' ಎಂದು ದುಡ್ಡು ಬಿಚ್ಚಿದರೆ ದುಡಿಯುವ ಗಾಡಿಯೇ ಗ್ಯಾರೇಜಿನಲ್ಲಿ ಮಲಗಬಹುದು. ಆದ್ದರಿಂದ ಮೊದಲು ಈ ಯಂತ್ರ ಏನು ಮಾಡುತ್ತದೆ ಎಂದು ತಿಳಿಯುವುದು ಒಳಿತು.

ಎಂಜಿನ್ನಿನ ಉಸಿರು

ಕಮ್ಮಾರನ ಕುಲುಮೆಯನ್ನು ನೆನಪಿಸಿಕೊಳ್ಳಿ. ಇದ್ದಿಲು ಎಷ್ಟೇ ಸುರಿದರೂ ತಿದಿ ಒತ್ತದೆ ಕಬ್ಬಿಣ ಕೆಂಪಾಗದು. ಎಂಜಿನ್ನಿನ ಕಥೆಯೂ ಅಷ್ಟೇ. ಒಂದು ಕಿಲೊ ಡೀಸೆಲ್ ಪೂರ್ತಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೊ ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ ಒಂದು ಲೀಟರ್ ಡೀಸೆಲ್ಲಿಗೆ ಹತ್ತು ಸಾವಿರ ಲೀಟರಿನಷ್ಟು ಗಾಳಿ! ಟ್ಯಾಂಕಿಗೆ ಹಾಕುವ ಡೀಸೆಲ್ಲಿಗೆ ದುಡ್ಡು ಕೊಡುತ್ತೇವಾದ್ದರಿಂದ ಅದರ ಲೆಕ್ಕ ಎಲ್ಲರಿಗೂ ಗೊತ್ತು. ಪುಕ್ಕಟೆ ಬರುವ ಗಾಳಿಯ ಲೆಕ್ಕ ಯಾರೂ ಇಡುವುದಿಲ್ಲ.

ಎರಡೂವರೆ ಲೀಟರಿನ ನಾಲ್ಕು ಸ್ಟ್ರೋಕಿನ ಎಂಜಿನ್ನು ಎರಡು ಸುತ್ತಿಗೊಮ್ಮೆ ಎರಡೂವರೆ ಲೀಟರ್ ಗಾಳಿ ಒಳಗೆಳೆದುಕೊಳ್ಳುತ್ತದೆ. ನಿಮಿಷಕ್ಕೆ 2,000 ಸುತ್ತು ತಿರುಗಿದರೆ 2,500 ಲೀಟರು. ಇದು ಅದರ ಸಹಜ ಉಸಿರಾಟ. ಇದಕ್ಕಿಂತ ಹೆಚ್ಚು ಡೀಸೆಲ್ ಉರಿಸಬೇಕೆಂದರೆ ಗಾಳಿಯನ್ನು ಒತ್ತಿ ತುಂಬಬೇಕು. ಗಾಳಿ ಸಾಲದೆ ಡೀಸೆಲ್ ಮಾತ್ರ ಸುರಿದರೆ ಏನಾಗುತ್ತದೆ ಎಂಬುದನ್ನು ಹಳೆಯ ಜೀಪೊಂದು ಭಾರ ಹೊತ್ತು ಏರು ಹತ್ತುವಾಗ ನೋಡಬಹುದು: ಹಿಂದಿನಿಂದ ಬರುವ ಕಪ್ಪು ಹೊಗೆ ಅರೆಬೆಂದ ಡೀಸೆಲ್ಲೇ.

ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ ಎಂಬುದೂ ನೆನಪಿರಲಿ. ಸಂಪಾಜೆಯಿಂದ ಮಡಿಕೇರಿಗೆ ಸುಮಾರು ಒಂದು ಸಾವಿರ ಮೀಟರ್ ಏರಬೇಕು. ಅಷ್ಟು ಏರಿದಾಗ ಗಾಳಿಯ ಸಾಂದ್ರತೆ ಶೇಕಡಾ 10ರ ಆಸುಪಾಸು ಕಡಿಮೆಯಾಗುತ್ತದೆ. ಒತ್ತಿ ತುಂಬುವ ವ್ಯವಸ್ಥೆ ಇಲ್ಲದ ಎಂಜಿನ್ನಿಗೆ ಘಾಟಿಯ ತುದಿಯಲ್ಲಿ ಏದುಸಿರು ಬರುವುದು ಇದೇ ಕಾರಣಕ್ಕೆ.

ಅಣ್ಣ ತಮ್ಮ

ಗಾಳಿಯನ್ನು ಒತ್ತಿ ತುಂಬಲು ಎರಡು ದಾರಿಗಳಿವೆ. ಎಂಜಿನ್ನಿನ ಶಾಫ್ಟಿನಿಂದಲೇ ಬೆಲ್ಟು ಅಥವಾ ಹಲ್ಲಿನ ಚಕ್ರದ ಮೂಲಕ ಪಂಪು ತಿರುಗಿಸುವುದು ಒಂದು. ಇದು ಸೂಪರ್‌ಚಾರ್ಜರ್. ಸೈಲೆನ್ಸರಿನ ಕಡೆಗೆ ನುಗ್ಗುವ ಬಿಸಿ ಹೊಗೆಯಿಂದ ಪುಟ್ಟ ಗಿರಗಿಟ್ಟಲೆ ತಿರುಗಿಸಿ, ಅದರ ಇನ್ನೊಂದು ತುದಿಯ ಚಕ್ರದಿಂದ ಗಾಳಿ ಒತ್ತುವುದು ಮತ್ತೊಂದು. ಇದು ಟರ್ಬೊಚಾರ್ಜರ್.

ಇಬ್ಬರಲ್ಲಿ ಅಣ್ಣ ಸೂಪರ್‌ಚಾರ್ಜರ್. ಅಮೆರಿಕದ ಇಂಡಿಯಾನಾ ರಾಜ್ಯದ ರೂಟ್ಸ್ ಸಹೋದರರು 1860ರಲ್ಲಿ ಎರಡು ತಿರುಗುವ ಅಚ್ಚುಗಳಿರುವ ಗಾಳಿಯಂತ್ರಕ್ಕೆ ಪೇಟೆಂಟ್ ಪಡೆದರು. ಆಗ ಇನ್ನೂ ಮೋಟಾರು ಕಾರೇ ಹುಟ್ಟಿರಲಿಲ್ಲ! ಕುಲುಮೆಗಳಿಗೂ ಗಣಿಗಳಿಗೂ ಗಾಳಿ ಊದುತ್ತಿದ್ದ ಅದೇ ಯಂತ್ರ ಮುಂದೆ ಎಂಜಿನ್ನಿನ ಮೇಲೆ ಕೂತಿತು. ತಮ್ಮ ಟರ್ಬೊ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲಿ ಪಡೆದ ಪೇಟೆಂಟಿನಿಂದ.

ಸೂಪರ್‌ಚಾರ್ಜರಿನಲ್ಲೂ ಮೂರು ಬಗೆ. ರೂಟ್ಸ್ ಮಾದರಿಯದು ಗಾಳಿಯನ್ನು ಮೊಗೆದು ಮೊಗೆದು ಒಳಗೆ ಸುರಿಯುತ್ತದೆ. ಎರಡು ಸ್ಕ್ರೂಗಳು ಒಂದಕ್ಕೊಂದು ಹೆಣೆದುಕೊಂಡು ತಿರುಗುವ ಮಾದರಿಯದು ಗಾಳಿಯನ್ನು ತನ್ನೊಳಗೇ ಹಿಂಡುತ್ತದೆ. ಬೋರ್‌ವೆಲ್ ಲಾರಿಯ ಸ್ಕ್ರೂ ಕಂಪ್ರೆಸರ್ ಇದರದೇ ನೆಂಟ. ಮೂರನೆಯದು ವೇಗವಾಗಿ ತಿರುಗುವ ಚಕ್ರದಿಂದ ಗಾಳಿ ಎಸೆಯುವ ಸೆಂಟ್ರಿಫ್ಯೂಗಲ್ ಮಾದರಿ. ಮೊದಲಿನ ಎರಡು ಎಂಜಿನ್ನು ನಿಧಾನವಾಗಿ ತಿರುಗುವಾಗಲೂ ಗಾಳಿ ಕೊಡುತ್ತವೆ. ಮೂರನೆಯದು ವೇಗ ಹೆಚ್ಚಿದ ಮೇಲಷ್ಟೇ ಬಲ ತೋರಿಸುತ್ತದೆ. ನಿಂತಲ್ಲಿಂದ ಭಾರ ಹೊತ್ತು ಏರು ಹತ್ತುವ ಗಾಡಿಗೆ ಇದು ಹೇಳಿಸಿದ್ದಲ್ಲ ಎಂಬುದು ಇಲ್ಲೇ ತಿಳಿಯುತ್ತದೆ.

ಹಾಗಾದರೆ ಲೋಕವೆಲ್ಲ ತಮ್ಮನ ಕಡೆಗೇ ಏಕೆ ವಾಲಿತು? ಕಾರಣ ಸರಳ. ಅಣ್ಣ ದುಡಿಯುವ ಮೊದಲು ಎಂಜಿನ್ನಿನಿಂದಲೇ ಕೂಲಿ ಕೇಳುತ್ತಾನೆ. ತಮ್ಮ ಬಿಸಾಡಿ ಹೋಗುವ ಹೊಗೆಯಿಂದ ತನ್ನ ಹೊಟ್ಟೆ ಹೊರೆದುಕೊಳ್ಳುತ್ತಾನೆ. ತಮ್ಮನ ದೋಷ ಒಂದೇ: ಹೊಗೆಯ ರಭಸ ಬರುವವರೆಗೆ ಎಚ್ಚರಾಗುವುದಿಲ್ಲ.

ನೆಟ್ಟಣದ ಹಳಿಯ ಮೇಲಿನ ಪಾಠ

ಅಣ್ಣತಮ್ಮಂದಿರಿಬ್ಬರನ್ನೂ ಒಟ್ಟಿಗೆ ದುಡಿಸಿದ ಯಂತ್ರ ಕಡಬ ತಾಲೂಕಿನ ಜನರ ಕಣ್ಣೆದುರಿಗೇ ಓಡಾಡಿದೆ. ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರಕ್ಕೆ ಹೋಗುವ 55 ಕಿಲೋಮೀಟರ್ ಘಾಟಿ ಹಳಿಯಲ್ಲಿ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು. 1979ರಲ್ಲಿ ಮೀಟರ್‌ಗೇಜಾಗಿ ಆರಂಭವಾದ ಈ ಮಾರ್ಗ ಬ್ರಾಡ್‌ಗೇಜ್ ಆದ ಮೇಲೆ ಇಲ್ಲಿ ಡಬ್ಲ್ಯುಡಿಜಿ-4 ಎಂಬ 4,000 ಅಶ್ವಶಕ್ತಿಯ ಡೀಸೆಲ್ ಎಂಜಿನ್ನುಗಳು ಗೂಡ್ಸ್ ಎಳೆದವು.

ಈ ಎಂಜಿನ್ನು ಎರಡು ಸ್ಟ್ರೋಕಿನದು. ಅದಕ್ಕೆ ತಾನಾಗಿ ಗಾಳಿ ಎಳೆದುಕೊಳ್ಳುವ ಸ್ಟ್ರೋಕೇ ಇಲ್ಲ. ಹೊರಗಿನಿಂದ ಯಾರಾದರೂ ಊದಲೇಬೇಕು. ಸ್ಟಾರ್ಟಾದಾಗ ಹೊಗೆಯ ಬಲ ಸಾಲದ ಕಾರಣ ಅದರ ಟರ್ಬೊವನ್ನು ಎಂಜಿನ್ನೇ ಹಲ್ಲಿನ ಚಕ್ರಗಳ ಮೂಲಕ ತಿರುಗಿಸುತ್ತದೆ. ಅಂದರೆ ಆ ಹೊತ್ತಿಗೆ ಅದು ಸೂಪರ್‌ಚಾರ್ಜರ್. ಭಾರ ಹೆಚ್ಚಿ ಹೊಗೆ ರಭಸದಿಂದ ಬರತೊಡಗಿದಾಗ ಒಂದು ಕ್ಲಚ್ಚು ತಾನಾಗಿ ಬಿಟ್ಟುಕೊಂಡು, ಟರ್ಬೊ ಸ್ವಂತ ಕಾಲ ಮೇಲೆ ನಿಲ್ಲುತ್ತದೆ. ಸೈಕಲ್ಲಿನ ಹಿಂದಿನ ಚಕ್ರದ ಫ್ರೀವ್ಹೀಲ್ ಗೊತ್ತಿದ್ದವರಿಗೆ ಈ ಕ್ಲಚ್ಚಿನ ಗುಟ್ಟು ಹೊಸದಲ್ಲ. ಎಷ್ಟು ಗಾಳಿ, ಯಾವಾಗ, ಯಾರ ಖರ್ಚಿನಲ್ಲಿ ಎಂಬ ಮೂರೂ ಪ್ರಶ್ನೆಗೆ ಎಂಜಿನ್ನು ರೂಪಿಸುವಾಗಲೇ ಉತ್ತರ ಹುಡುಕಿದ ಉದಾಹರಣೆ ಇದು. ಆಮೇಲೆ ತಂದು ಅಂಟಿಸಿದ್ದಲ್ಲ.

ಅಲ್ಲಿಯ ಪಿಕಪ್ ಬೇರೆ, ಇಲ್ಲಿಯದು ಬೇರೆ

ಸೂಪರ್‌ಚಾರ್ಜರ್ ಕಿಟ್ಟುಗಳ ಜಾಹೀರಾತು ಹೆಚ್ಚಾಗಿ ಬರುವುದು ಅಮೆರಿಕದಿಂದ. ಅಲ್ಲಿಯ ಪಿಕಪ್‌ಗಳಲ್ಲಿ ಬಹಳಷ್ಟು ಪೆಟ್ರೋಲಿನವು; ಎಂಟು ಸಿಲಿಂಡರಿನ, ಐದಾರು ಲೀಟರಿನ ದೊಡ್ಡ ಎಂಜಿನ್ನುಗಳು. ಅನೇಕಕ್ಕೆ ಟರ್ಬೊ ಇರುವುದಿಲ್ಲ. ಖಾಲಿ ಜಾಗಕ್ಕೆ ಹೊಸ ಯಂತ್ರ ಕೂರಿಸಿದಂತೆ ಅಲ್ಲಿ ಸೂಪರ್‌ಚಾರ್ಜರ್ ಕೂರುತ್ತದೆ. ಹಾಗಿದ್ದೂ ಒಳ್ಳೆಯ ಕಿಟ್ಟಿಗೆ ಸಾವಿರಾರು ಡಾಲರ್ ತೆರಬೇಕು.

ಈ ಮೂರು ತಾಲೂಕುಗಳಲ್ಲಿ ಓಡುವ ಪಿಕಪ್‌ಗಳ ಜಾತಕವೇ ಬೇರೆ. ಮಹೀಂದ್ರ ಬೊಲೆರೊ ಪಿಕಪ್‌ನ 2,523 ಸಿಸಿ ಡೀಸೆಲ್, ಟಾಟಾ ಯೋಧದ 2.2 ಲೀಟರ್ ಡೀಸೆಲ್, 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್‌ನ ಒಂದೂವರೆ ಲೀಟರಿನ ಮೂರು ಸಿಲಿಂಡರ್ ಡೀಸೆಲ್ - ಎಲ್ಲಕ್ಕೂ ಕಾರ್ಖಾನೆಯಿಂದಲೇ ಟರ್ಬೊ ಬಂದಿದೆ. ಅಂದರೆ ಮಗ ಕೇಳುತ್ತಿರುವ 'ಗಾಳಿ ಒತ್ತುವ ಯಂತ್ರ' ಗಾಡಿಯ ಬೆಲೆಯಲ್ಲೇ ಸೇರಿ ಮನೆಗೆ ಬಂದಾಗಿದೆ! ಅದರ ಮೇಲೆ ಇನ್ನೊಂದನ್ನು ಹೇರುವುದು ಅಸಾಧ್ಯವೇನಲ್ಲ. ಲಾನ್ಸಿಯಾ ಕಂಪೆನಿ 1985ರ ರ‍್ಯಾಲಿ ಕಾರಿನಲ್ಲಿ, ಫೋಕ್ಸ್‌ವ್ಯಾಗನ್ 2005ರ 1.4 ಲೀಟರ್ ಪೆಟ್ರೋಲ್ ಎಂಜಿನ್ನಿನಲ್ಲಿ ಎರಡನ್ನೂ ಕೂಡಿಸಿದ್ದುಂಟು. ಆದರೆ ಅದು ದೊಡ್ಡ ಕಂಪೆನಿಗಳ ಪ್ರಯೋಗಶಾಲೆಯ ಕೆಲಸ, ಅಡಿಕೆ ಕೊಯ್ಲಿನ ಬಿಡುವಿನಲ್ಲಿ ಮುಗಿಸುವಂಥದ್ದಲ್ಲ.

ಸಣ್ಣ ಪಿಕಪ್‌ಗೆ ಕಾರ್ಖಾನೆಯಲ್ಲೇ ಸೂಪರ್‌ಚಾರ್ಜರ್ ಕೂರಿಸಿದ ಉದಾಹರಣೆ ಬೇಕೆಂದರೆ ಜಪಾನಿಗೆ ಹೋಗಬೇಕು. ಸುಬಾರು ಕಂಪೆನಿಯ ಪುಟ್ಟ ಟ್ರಕ್ಕೊಂದರ ಹೆಸರು ಸಾಂಬಾರ್! ಊಟದ ಸಾಂಬಾರಲ್ಲ, ಕಡವೆಗೆ ಇಂಗ್ಲಿಷಿನಲ್ಲಿರುವ ಹೆಸರು. ಜಪಾನಿನಲ್ಲಿ ಇಂಥ ಕಿರುವಾಹನಗಳ ಎಂಜಿನ್ನು 660 ಸಿಸಿ ಮೀರುವಂತಿಲ್ಲ. ಅಷ್ಟು ಸಣ್ಣ ಪೆಟ್ರೋಲ್ ಎಂಜಿನ್ನಿಗೆ ಭಾರ ಹೊರುವ ಬಲ ಕೊಡಲು ಕಂಪೆನಿ 1990ರ ದಶಕದಲ್ಲಿ ಸೂಪರ್‌ಚಾರ್ಜರ್ ಕೊಟ್ಟಿತು. ಎಂಜಿನ್ನು ದೊಡ್ಡದು ಮಾಡುವ ದಾರಿ ಮುಚ್ಚಿದ್ದರಿಂದ ಈ ದಾರಿ. ನಮ್ಮಲ್ಲಿ ಆ ಕಟ್ಟು ಇಲ್ಲ. ಹೆಚ್ಚು ಬಲ ಬೇಕಾದವರು ದೊಡ್ಡ ಎಂಜಿನ್ನಿನ ಗಾಡಿಯನ್ನೇ ಕೊಳ್ಳಬಹುದು.

ನಿಜವಾಗಿ ಎಷ್ಟು ಬಲ ಬೇಕು?

ಈಗ ಕಾಗದ, ಪೆನ್ನು ಬರಲಿ. ಗಾಡಿ ಮತ್ತು ಹೇರು ಸೇರಿ ಮೂರು ಟನ್, ಅಂದರೆ 3,000 ಕಿಲೊ ಎಂದಿಟ್ಟುಕೊಳ್ಳಿ. ಹನ್ನೆರಡು ಮೀಟರಿಗೆ ಒಂದು ಮೀಟರ್ ಏರುವ ರಸ್ತೆ. ಏರಿಗೆ ಬೇಕಾದ ಎಳೆತ 3,000ದ ಹನ್ನೆರಡನೇ ಒಂದು ಪಾಲು: 250 ಕಿಲೊ. ಟಯರುಗಳ ಉರುಳಾಟದ ತಡೆಗೆ ಇನ್ನೊಂದು 45 ಕಿಲೊ ಸೇರಿಸಿ, ಒಟ್ಟು 295. ಗಂಟೆಗೆ 30 ಕಿಲೋಮೀಟರ್ ಎಂದರೆ ಸೆಕೆಂಡಿಗೆ 8.33 ಮೀಟರ್. ಎರಡನ್ನೂ ಗುಣಿಸಿ 75ರಿಂದ ಭಾಗಿಸಿದರೆ ಅಶ್ವಶಕ್ತಿ ಸಿಗುತ್ತದೆ. ಉತ್ತರ ಸುಮಾರು 33.

ಈ ಕೆಲಸಕ್ಕೆ ಬೊಲೆರೊ ಪಿಕಪ್‌ನಲ್ಲಿರುವುದು ಸುಮಾರು 75 ಅಶ್ವಶಕ್ತಿ. ಗೇರು, ಶಾಫ್ಟುಗಳಲ್ಲಿ ಒಂದಷ್ಟು ಸೋರಿಹೋದರೂ ಧಾರಾಳವಾಗಿ ಉಳಿಯುತ್ತದೆ. ಇನ್ನು ತೋಟದಿಂದ ಮೇಲೆ ಬರುವ ಕಡಿದಾದ ಮಣ್ಣಿನ ದಾರಿ ತೆಗೆದುಕೊಳ್ಳಿ. ಆರು ಮೀಟರಿಗೆ ಒಂದು ಮೀಟರ್ ಏರು. ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಹತ್ತಲು ಅಲ್ಲಿಯೂ ಬೇಕಾಗುವುದು ಸುಮಾರು 20 ಅಶ್ವಶಕ್ತಿ. 2005ರಲ್ಲಿ ಬಂದ ಟಾಟಾ ಏಸ್ ಎಂಬ ಪುಟ್ಟ ಗಾಡಿ ಎರಡೇ ಸಿಲಿಂಡರಿನ, ಟರ್ಬೊ ಇಲ್ಲದ 16 ಅಶ್ವಶಕ್ತಿಯ ಎಂಜಿನ್ನಿನಿಂದ ಊರೂರು ಸುತ್ತಿದ್ದು ಸುಳ್ಳೇನಲ್ಲ. ಅದು ತನ್ನ ಭಾರಕ್ಕೆ ತಕ್ಕ ಗೇರಿನಲ್ಲಿ ನಿಧಾನವಾಗಿ ಹತ್ತಿತು.

ಹಾಗಾದರೆ ಮೂರನೇ ತಿರುವಿನಲ್ಲಿ ಗಾಡಿ ನಿಂತುಬಿಡುವುದು ಏಕೆ? ಹೆಚ್ಚಿನ ಸಲ ಅಶ್ವಶಕ್ತಿ ಸಾಲದೆ ಅಲ್ಲ. ಗೇರು ಇಳಿಸುವುದು ತಡವಾಗಿರುತ್ತದೆ, ಕ್ಲಚ್ಚು ಸವೆದಿರುತ್ತದೆ, ಒದ್ದೆ ಮಣ್ಣಿನಲ್ಲಿ ಟಯರಿಗೆ ಹಿಡಿತ ಸಿಕ್ಕಿರುವುದಿಲ್ಲ, ಇಲ್ಲವೇ ಹೇರು ಮಿತಿ ಮೀರಿರುತ್ತದೆ. ಚಕ್ರ ಜಾರುತ್ತಿರುವಾಗ ಎಂಜಿನ್ನಿಗೆ ಬಲ ಹೆಚ್ಚಿಸಿದರೆ ಅದು ಇನ್ನಷ್ಟು ಜಾರುತ್ತದೆ, ಅಷ್ಟೆ.

ಸಮಯ ಉಳಿಯುತ್ತದೆ ಎನ್ನುವ ವಾದವೂ ಇದೆ. ಸಂಪಾಜೆಯಿಂದ ಮೇಲಕ್ಕೆ ಸುಮಾರು 25 ಕಿಲೋಮೀಟರ್ ಘಾಟಿಯನ್ನು ಸರಾಸರಿ 30ರ ಬದಲು 36ರ ವೇಗದಲ್ಲಿ ಹತ್ತಿದರೆ ಉಳಿಯುವುದು ಎಂಟು ನಿಮಿಷ. ಎದುರಿಗೊಂದು ಬಸ್ಸು, ಮುಂದೊಂದು ಲಾರಿ ಇದ್ದರೆ ಆ ಎಂಟು ನಿಮಿಷವೂ ಇಲ್ಲ.

ಅಗ್ಗದ ಮೂರು ದಾರಿಗಳು

ಇಷ್ಟಾದ ಮೇಲೂ ಅಗ್ಗದಲ್ಲಿ ಸಿಗುತ್ತದಲ್ಲ ಎಂಬ ಆಸೆ ಉಳಿಯುತ್ತದೆ. ಅಗ್ಗವೆಂದು ಕಾಣುವ ದಾರಿಗಳು ಮೂರು.

ಮೊದಲನೆಯದು ಗಾಳಿಕೊಳವೆಗೆ ಸಿಕ್ಕಿಸುವ ಸಣ್ಣ ಎಲೆಕ್ಟ್ರಿಕ್ ಫ್ಯಾನು. 'ಎಲೆಕ್ಟ್ರಿಕ್ ಸೂಪರ್‌ಚಾರ್ಜರ್' ಎಂಬ ದೊಡ್ಡ ಹೆಸರಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಎರಡೂವರೆ ಲೀಟರಿನ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಅದಕ್ಕೆ ಒಂದೂವರೆ ಪಟ್ಟು ಒತ್ತಡದಲ್ಲಿ ಗಾಳಿ ಕೊಡಲು ಸುಮಾರು ಐದು ಕಿಲೋವಾಟ್ ಶಕ್ತಿ ಬೇಕು. 12 ವೋಲ್ಟಿನ ಬ್ಯಾಟರಿಯಿಂದ ಇಷ್ಟು ತೆಗೆಯಬೇಕೆಂದರೆ 400 ಆಂಪಿಯರಿಗೂ ಹೆಚ್ಚು ವಿದ್ಯುತ್ತು ಹರಿಯಬೇಕು. ಹೆಡ್‌ಲೈಟಿನ ತಂತಿಗೆ ಜೋಡಿಸುವ ಫ್ಯಾನಿನಿಂದ ಇದು ಆಗುವ ಮಾತೇ? ಜರ್ಮನಿಯ ಆಡಿ ಕಂಪೆನಿ 2016ರಲ್ಲಿ ನಿಜವಾದ ಎಲೆಕ್ಟ್ರಿಕ್ ಕಂಪ್ರೆಸರ್ ಇರುವ ಕಾರು ತಂದಾಗ ಅದಕ್ಕೆಂದೇ 48 ವೋಲ್ಟಿನ ಬೇರೆ ವಿದ್ಯುತ್ ವ್ಯವಸ್ಥೆ ಮಾಡಬೇಕಾಯಿತು. ಅಗ್ಗದ ಫ್ಯಾನು ಗಾಳಿ ಕೊಡುವುದಿರಲಿ, ಬರುವ ಗಾಳಿಗೂ ಅಡ್ಡ ನಿಲ್ಲಬಹುದು. ಅದರ ರೆಕ್ಕೆ ಮುರಿದರೆ ತುಂಡು ನೇರ ಟರ್ಬೊದ ಬಾಯಿಗೆ.

ಎರಡನೆಯದು ಗುಜರಿಯಲ್ಲಿ ಸಿಗುವ ಹಳೆಯ ಸೂಪರ್‌ಚಾರ್ಜರ್. ಇದರೊಳಗಿನ ಅಚ್ಚುಗಳ ನಡುವಿನ ಸಂದು ಕೂದಲೆಳೆಯಷ್ಟು. ಬೇರಿಂಗು ಸ್ವಲ್ಪ ಸವೆದರೂ ಲೋಹಕ್ಕೆ ಲೋಹ ತಾಗುತ್ತದೆ. ಆಯಿಲ್ ಸೀಲು ಹೋದರೆ ಎಣ್ಣೆ ಎಂಜಿನ್ನಿನೊಳಗೆ ಸೇರುತ್ತದೆ. ಡೀಸೆಲ್ ಎಂಜಿನ್ನಿಗೆ ಆ ಎಣ್ಣೆಯೂ ಇಂಧನವೇ! ಆಕ್ಸಿಲರೇಟರ್ ಬಿಟ್ಟರೂ, ಕೀಲಿ ತಿರುಗಿಸಿದರೂ ನಿಲ್ಲದೆ ಹುಚ್ಚೆದ್ದು ತಿರುಗುವ ಅಪಾಯವಿದೆ.

ಮೂರನೆಯದು ಹೊರದೇಶದಿಂದ ತರಿಸುವ ಕಿಟ್ಟು. ಕಿಟ್ಟಿನ ಬೆಲೆ ಆರಂಭ ಮಾತ್ರ. ಸುಂಕ, ಸಾಗಣೆ, ಬ್ರಾಕೆಟ್ಟು, ಪುಲ್ಲಿ, ಬೆಲ್ಟು ಬೇರೆ. ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದವರೆಲ್ಲ ಇದನ್ನು ಕೈಮುಟ್ಟಿ ತಿಳಿದವರೇ. 30 ಡಿಗ್ರಿಯ ಗಾಳಿಯನ್ನು ಸಾಧಾರಣ ರೂಟ್ಸ್ ಯಂತ್ರದಿಂದ ಒಂದೂವರೆ ಪಟ್ಟು ಒತ್ತಡಕ್ಕೆ ಏರಿಸಿದರೆ ಅದು 90 ಡಿಗ್ರಿಯ ಹತ್ತಿರ ಬರುತ್ತದೆ. ಬಿಸಿ ಗಾಳಿ ಹಿಗ್ಗುವುದರಿಂದ ಒತ್ತಡ ಶೇಕಡಾ 50 ಹೆಚ್ಚಿದರೂ ಒಳಹೋಗುವ ಗಾಳಿ ಶೇಕಡಾ 25ರಷ್ಟು ಮಾತ್ರ ಹೆಚ್ಚು. ಉಳಿದದ್ದನ್ನು ಪಡೆಯಲು ಇಂಟರ್‌ಕೂಲರ್ ಬೇಕು. ಆಮೇಲೆ ಡೀಸೆಲ್ ಹೆಚ್ಚಿಸಬೇಕು. ಏಕೆಂದರೆ ಡೀಸೆಲ್ ಎಂಜಿನ್ನಿನಲ್ಲಿ ಬರೀ ಗಾಳಿ ಹೆಚ್ಚಿಸಿದರೆ ಹೊಗೆ ಕಡಿಮೆಯಾದೀತೇ ಹೊರತು ಬಲ ಹೆಚ್ಚದು. ಡೀಸೆಲ್ ಹೆಚ್ಚಿಸಿದರೆ ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಕ್ಲಚ್ಚು, ಗೇರ್‌ಬಾಕ್ಸು ಎಲ್ಲವೂ ಹೆಚ್ಚು ಭಾರ ತಾಳಬೇಕು. ಒಂದು ಎತ್ತು ಕೊಳ್ಳಲು ಹೋಗಿ ಹಟ್ಟಿಯನ್ನೇ ಹೊಸದಾಗಿ ಕಟ್ಟಿಸಿದಂತೆ!

2020ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಗಾಡಿಗಳಲ್ಲಂತೂ ಹೊಗೆ ಶುದ್ಧೀಕರಣದ ಫಿಲ್ಟರು, ಸೆನ್ಸರುಗಳು, ಎಲ್ಲವನ್ನೂ ನೋಡಿಕೊಳ್ಳುವ ಕಂಪ್ಯೂಟರು ಒಂದಕ್ಕೊಂದು ಹೆಣೆದುಕೊಂಡಿವೆ. ಲೆಕ್ಕಕ್ಕಿಂತ ಹೆಚ್ಚು ಗಾಳಿ ಬಂದರೆ ಕಂಪ್ಯೂಟರು ಅದನ್ನು ದೋಷವೆಂದೇ ಓದುತ್ತದೆ. ಎಚ್ಚರಿಕೆಯ ದೀಪ ಹೊತ್ತಿಸಿ ಇದ್ದ ಬಲವನ್ನೂ ಕಡಿತಗೊಳಿಸಬಹುದು.

ಆರ್‌ಸಿ ಪುಸ್ತಕ ಏನು ಹೇಳುತ್ತದೆ?

ಖರ್ಚಿನ ಪಟ್ಟಿಯಲ್ಲಿ ಬಹಳ ಮಂದಿ ಸೇರಿಸದ ಇನ್ನೊಂದು ಬಾಬತ್ತು ಕಾನೂನು. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರು ನಮೂದಿಸಿದ, ಆರ್‌ಸಿಯಲ್ಲಿರುವ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದೆ ಮಾರ್ಪಾಡು ಮಾಡಿದ ಮಾಲೀಕರಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಆಗಬಹುದು. ಹೊರಗಿನಿಂದ ಬಿಡಿಭಾಗ ಜೋಡಿಸುವುದೂ ಇದರಲ್ಲಿ ಸೇರಿದೆ.

ಕೆಎ-21 ನಂಬರಿನ ಬಾಡಿಗೆ ಪಿಕಪ್ ಪುತ್ತೂರಿನ ಆರ್‌ಟಿಒ ಕಚೇರಿಗೆ ಫಿಟ್‌ನೆಸ್‌ಗೆ ಹೋಗಿ ನಿಲ್ಲಬೇಕಾದ ದಿನ ಬಂದೇ ಬರುತ್ತದೆ. ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ಅದಕ್ಕಿಂತ ದೊಡ್ಡ ಚಿಂತೆ ವಿಮೆಯದು. ಕಂಪೆನಿಗೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ಹೊತ್ತಿನಲ್ಲಿ ಪರಿಹಾರದ ಅರ್ಜಿಯನ್ನೇ ತಕರಾರಿಗೆ ಸಿಲುಕಿಸಬಹುದು. ಕಂತು ಬಾಕಿಯಿರುವ ಗಾಡಿಗೆ ಪರಿಹಾರ ಸಿಗದಿದ್ದರೆ ಹೊರೆ ಯಾರ ಹೆಗಲಿಗೆ? ಅಗ್ಗದ ಕಿಟ್ಟಿನ ಬೆಲೆಗೆ ಈ ಸಾಧ್ಯತೆಯನ್ನೂ ಕೂಡಿಸಿ ನೋಡಬೇಕು.

ಹತ್ತಿದ್ದು ಇಳಿಯಲೇಬೇಕು

ಎಂಜಿನ್ನಿನ ಬಲದ ಮಾತು ಬಂದಾಗ ಎಲ್ಲರೂ ಏರಿನ ಬಗ್ಗೆಯೇ ಯೋಚಿಸುತ್ತಾರೆ. ಘಾಟಿ ರಸ್ತೆಯಲ್ಲಿ ಜೀವಕ್ಕೆ ಸಂಚಕಾರ ಬರುವುದು ಹೆಚ್ಚಾಗಿ ಇಳಿಯುವಾಗ. ಮೂರು ಟನ್ ಭಾರ ಸಾವಿರ ಮೀಟರ್ ಕೆಳಗಿಳಿಯುವಾಗ ಬಿಡುಗಡೆಯಾಗುವ ಶಕ್ತಿ ಬಚ್ಚಲ ಹಂಡೆಯ 100 ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಮಡಿಕೇರಿಯಿಂದ ಸಂಪಾಜೆಗೆ ಬರುವಷ್ಟರಲ್ಲಿ ಅದರ ಹೆಚ್ಚಿನ ಪಾಲನ್ನು ಬ್ರೇಕು ಮತ್ತು ಎಂಜಿನ್ನು ನುಂಗಬೇಕು. ಬರೀ ಬ್ರೇಕಿನ ಮೇಲೆ ಭಾರ ಹಾಕಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

'ಹತ್ತಿದ ಗೇರಿನಲ್ಲೇ ಇಳಿ' ಎಂದು ಹಳೆಯ ಜೀಪು ಡ್ರೈವರುಗಳು ಹೇಳುವ ಮಾತಿನಲ್ಲಿ ಇಡೀ ಭೌತಶಾಸ್ತ್ರ ಅಡಗಿದೆ. ಎಂಜಿನ್ನಿನ ಬಲ ಹೆಚ್ಚಿಸಿ, ಆ ಧೈರ್ಯದಲ್ಲಿ ಹೇರೂ ಹೆಚ್ಚಿಸಿ, ಬ್ರೇಕು ಮಾತ್ರ ಹಿಂದಿನದೇ ಉಳಿದರೆ ಏನಾಗಬಹುದೆಂದು ಬೇರೆ ಹೇಳಬೇಕಾಗಿಲ್ಲ. ಸೂಪರ್‌ಚಾರ್ಜರ್ ಹತ್ತಲು ನೆರವಾದೀತು; ಇಳಿಯುವಾಗ ಕೈಹಿಡಿಯದು.

ಅದೇ ದುಡ್ಡು ಎಲ್ಲಿ ಹಾಕಬೇಕು?

ಮೊದಲು ಗಾಳಿಯ ದಾರಿಯನ್ನೇ ನೋಡಬೇಕು. ಬೇಸಿಗೆಯಲ್ಲಿ ಮಣ್ಣಿನ ರಸ್ತೆಯ ಕೆಂಪು ಧೂಳು ಏರ್ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಹೊಸ ಫಿಲ್ಟರಿನ ಬೆಲೆ ಸೂಪರ್‌ಚಾರ್ಜರಿನ ಬೆಲೆಯ ಎದುರು ಲೆಕ್ಕಕ್ಕೇ ಇಲ್ಲ. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಕೊಳವೆ ಬಿರುಕು ಬಿಟ್ಟಿದ್ದರೆ, ಕ್ಲಿಪ್ಪು ಸಡಿಲವಾಗಿದ್ದರೆ ಒತ್ತಿದ ಗಾಳಿ ದಾರಿಯಲ್ಲೇ ಸೋರಿಹೋಗುತ್ತದೆ. 'ಗಾಡಿ ಎಳೆಯುವುದಿಲ್ಲ, ಕಪ್ಪು ಹೊಗೆ ಬರುತ್ತದೆ' ಎಂಬ ದೂರಿಗೆ ಇಷ್ಟೇ ಮದ್ದಾಗಿರುವುದೂ ಉಂಟು. ಆಮೇಲೆ ಇಂಜೆಕ್ಟರು, ಕ್ಲಚ್ಚು, ಬ್ರೇಕು, ಟಯರು. ಟರ್ಬೊ ಗಾಡಿಯ ಎಂಜಿನ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಗಬೇಕು. ನಿಮಿಷಕ್ಕೆ ಲಕ್ಷದ ಲೆಕ್ಕದಲ್ಲಿ ಸುತ್ತುವ ಅದರ ಶಾಫ್ಟು ನಿಂತಿರುವುದು ತೆಳುವಾದ ಎಣ್ಣೆಯ ಪದರದ ಮೇಲೆ. ಘಾಟಿ ಹತ್ತಿ ಬಂದ ಕೂಡಲೆ ಎಂಜಿನ್ ಆರಿಸದೆ ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಡುವುದು ಬಿಡಿಕಾಸಿನ ಖರ್ಚಿನ ರಕ್ಷಣೆ.

ಹೊಸ ಗಾಡಿ ಕೊಳ್ಳುವವರು ಪತ್ರಿಕೆಯಲ್ಲಿ ಬರುವ ಅಶ್ವಶಕ್ತಿಯ ಅಂಕಿಗೆ ಮರುಳಾಗುವ ಬದಲು ಟಾರ್ಕ್ ಎಷ್ಟು, ಅದು ಎಂಜಿನ್ನಿನ ಎಷ್ಟು ಸುತ್ತಿಗೆ ಸಿಗುತ್ತದೆ ಎಂದು ಕೇಳಬೇಕು. ಬೊಲೆರೊ ಪಿಕಪ್‌ಗೆ ಸುಮಾರು 200 ನ್ಯೂಟನ್ ಮೀಟರ್ ಟಾರ್ಕ್ ನಿಮಿಷಕ್ಕೆ 1,400 ಸುತ್ತಿನ ಆಸುಪಾಸಿನಲ್ಲೇ ಸಿಗತೊಡಗುತ್ತದೆ. ಸೂಪರ್‌ಚಾರ್ಜರಿನಿಂದ ಬಯಸುವ ಗುಣವೂ ಇದೇ ತಾನೆ? ಹೇರು ಎಷ್ಟು, ದಾರಿ ಎಂಥದ್ದು, ನಾಲ್ಕೂ ಚಕ್ರಕ್ಕೆ ಬಲ ಬೇಕೇ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಒಂದು ಅಂಕಣ ಮೇಲಿನ ಗಾಡಿ ಕೊಂಡರೆ ಅದೇ ನಿಜವಾದ ಅಗ್ಗ. ಕೊಳ್ಳುವ ಮುನ್ನ ಮನೆಯ ಚಡವಿಗೇ ತಂದು ಹತ್ತಿಸಿ ನೋಡಬೇಕು. ಷೋರೂಮಿನ ಎದುರಿನ ಡಾಮರು ರಸ್ತೆ ಪರೀಕ್ಷೆಯಲ್ಲ.

ಕುತೂಹಲಕ್ಕೆ ಬೇರೆ ಗಾಡಿ

ಹಾಗೆಂದು ಮಗನ ಆಸೆಯನ್ನು ಚಿವುಟಬೇಕೆಂದಿಲ್ಲ. ಸುಳ್ಯದ ಕೆವಿಜಿ ಎಂಜಿನಿಯರಿಂಗ್ ಕಾಲೇಜು, ಪುತ್ತೂರಿನ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜುಗಳಂಥ ವಿದ್ಯಾಸಂಸ್ಥೆಗಳು ಇದೇ ನೆಲದಲ್ಲಿವೆ. ಮೆಕ್ಯಾನಿಕಲ್ ಓದುವವರಿಗೆ ಎಂಜಿನ್ ಪ್ರಯೋಗಾಲಯ ಪಠ್ಯದ ಭಾಗ. ಒಂದೇ ಸಿಲಿಂಡರಿನ ಹಳೆಯ ಪಂಪ್‌ಸೆಟ್ ಎಂಜಿನ್ನಿಗೆ ಊದುವ ಯಂತ್ರ ಜೋಡಿಸಿ, ಗಾಳಿಯ ಒತ್ತಡ, ಉಷ್ಣತೆ, ಡೀಸೆಲ್ ಖರ್ಚು, ಹೊಗೆ ಎಲ್ಲವನ್ನೂ ಅಧ್ಯಾಪಕರ ಕಣ್ಣೆದುರಿನಲ್ಲಿ ಅಳೆದು ಬರೆದರೆ ಅದು ಒಳ್ಳೆಯ ಪ್ರಾಜೆಕ್ಟು. ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯುವವರಿಗೆ ಸೋರುವ ಇಂಟರ್‌ಕೂಲರ್ ಕೊಳವೆ ಪತ್ತೆಹಚ್ಚುವ, ಟರ್ಬೊದ ಶಾಫ್ಟಿನ ಅಲುಗಾಟ ಅಳೆಯುವ ಕೈಚಳಕ ಬಂದರೆ ಊರಿನಲ್ಲೇ ಅನ್ನ ಇದೆ. ಪ್ರಯೋಗಾಲಯದಲ್ಲಿ ಎಂಜಿನ್ನು ಸೀಜಾದರೆ ಪಾಠ. ಗುತ್ತಿಗಾರಿನ ತಿರುವಿನಲ್ಲಿ ಅಡಿಕೆ ಮೂಟೆ ಹೊತ್ತ ಗಾಡಿ ಸೀಜಾದರೆ ಸಾಲ.

ತಂದೆತಾಯಿಗಳಿಗೂ ಇಲ್ಲೊಂದು ಕೆಲಸವಿದೆ. 'ಬೇಡ' ಎನ್ನುವುದಕ್ಕೆ ಮೊದಲು ಮೇಲಿನ 33 ಅಶ್ವಶಕ್ತಿಯ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬೇಕು. ಗಾಡಿಯ ತೂಕ ಆರ್‌ಸಿಯಲ್ಲಿದೆ. ಚಡವಿನ ಏರನ್ನು ಒಂದು ನೀರುಮಟ್ಟದ ಕೊಳವೆ, ಒಂದು ಟೇಪು ಹಿಡಿದು ಮನೆಯ ಗೇಟಿನಿಂದ ಮಾರ್ಗದವರೆಗೆ ಅಳೆದುಬಿಡಬಹುದು. ಭಾನುವಾರ ಬೆಳಿಗ್ಗೆ ಅಪ್ಪ ಕೆಳಗೆ, ಮಗ ಮೇಲೆ ಕೊಳವೆ ಹಿಡಿದು ನಿಂತರೆ ಸಾಕು. ಬಂದ ಅಂಕಿ ಎಷ್ಟೇ ಇರಲಿ, ಆಮೇಲಿನ ತೀರ್ಮಾನ ಇಬ್ಬರದ್ದೂ ಆಗಿರುತ್ತದೆ.